ಸೇನ್ ನದಿಯ ಒರತೆಯ ಬಳಿಯೇ ನಿಲ್ಲಿ: ಕೆಲ್ಟರ ಜಲದೇವತೆಗಳ ಲೇಖನಕ್ಕೆ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ನದಿಯೇ ತಾಯಿ: ಪ್ರಾಚೀನ ಕೆಲ್ಟರ ಜಲದೇವತೆಗಳು’ ಲೇಖನ ಈಗಿರುವ ರೂಪದಲ್ಲಿ ಪ್ರಕಟಣೆಗೆ ಒದಗುವುದಿಲ್ಲ. ಆದರೆ ಫ್ರಾನ್ಸಿನ ಸೇನ್ ನದಿಯ ಮೂಲದ ಬಗ್ಗೆ ನೀವು ಬರೆದಿರುವ ಒಂದೂವರೆ ಪುಟ ತುಂಬ ಚೆನ್ನಾಗಿದೆ. ಅದನ್ನೇ ಬೆಳೆಸಿ 1,200 ಪದಗಳ ಲೇಖನ ಮಾಡಿಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಉಳಿದದ್ದರಲ್ಲಿ ಎಲ್ಲಿ ಎಡವಿದ್ದೀರಿ ಎಂಬುದನ್ನು ಬಿಡಿಸಿ ಹೇಳಬೇಕು.

‘ಕೆಲ್ಟರು ನಂಬಿದ್ದರು’ ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಕೆಲ್ಟರೆಂದರೆ ಯುರೋಪಿನ ಹಲವು ಕಡೆ ಹರಡಿದ್ದ, ಕೆಲ್ಟಿಕ್ ಭಾಷೆಗಳನ್ನಾಡುತ್ತಿದ್ದ ಜನಗುಂಪುಗಳು. ಯಾವ ಕೆಲ್ಟರು, ಯಾವ ಕಾಲದವರು? ಐರ್ಲೆಂಡಿನ ನದೀದೇವತೆ ಬೋವನ್‌ಳ ಕಥೆಯನ್ನೇ ನೋಡಿ. ಗಂಡ ನೆಕ್ತನ್‌ನ ಬಾವಿಯ ಹತ್ತಿರ ಬೇರೆಯವರು ಹೋಗಬಾರದೆಂಬ ಕಟ್ಟಳೆಯನ್ನು ಆಕೆ ಮೀರುತ್ತಾಳೆ. ನೀರು ಉಕ್ಕಿ ಅವಳ ಕಣ್ಣು, ಕೈ, ತೊಡೆಯನ್ನು ಊನ ಮಾಡುತ್ತದೆ, ಸಮುದ್ರದವರೆಗೂ ಅಟ್ಟಿಸಿಕೊಂಡು ಹೋಗುತ್ತದೆ. ಆ ಹರಿವೇ ಬೋಯಿನ್ ನದಿ. ಇದನ್ನು ನೀವು ‘ಎರಡೂವರೆ ಸಾವಿರ ವರ್ಷದ ಹಿಂದಿನ ನಂಬಿಕೆ’ ಎಂದು ಬರೆದಿದ್ದೀರಿ. ಕಥೆ ನಮಗೆ ಸಿಗುವುದು ಮಧ್ಯಯುಗದ ಐರಿಷ್ ಹಸ್ತಪ್ರತಿಗಳಲ್ಲಿ, 12ನೇ ಶತಮಾನದ ಲೈನ್‌ಸ್ಟರ್ ಗ್ರಂಥದಂಥವುಗಳಲ್ಲಿ. ಬರೆದಿಟ್ಟವರು ಕ್ರೈಸ್ತ ಲಿಪಿಕಾರರು. ನದಿಯ ಹೆಸರು ಮಾತ್ರ ಹಳೆಯದು: 2ನೇ ಶತಮಾನದಲ್ಲೇ ಭೂಗೋಳಜ್ಞ ಟಾಲೆಮಿ ಅದನ್ನು ‘ಬುವಿಂದಾ’ ಎಂದು ದಾಖಲಿಸಿದ್ದಾನೆ. ಹೆಸರಿಗೂ ಕಥೆಗೂ ನಡುವೆ ಸುಮಾರು ಸಾವಿರ ವರ್ಷದ ಅಂತರವಿದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಬೇಡಿ.

ಅದೇ ಕಥೆಯಲ್ಲಿ ಇನ್ನೊಂದು ತಪ್ಪಿದೆ, ಅದು ನಮ್ಮ ಭಾಷೆಗಳಲ್ಲಿ ಮಾತ್ರ ಆಗಬಹುದಾದ ತಪ್ಪು. ಬೋವನ್ ಬಾವಿಗೆ ‘ಮೂರು ಪ್ರದಕ್ಷಿಣೆ ಹಾಕಿದಳು’ ಎಂದಿದ್ದೀರಿ. ಕಥೆಯ ಗದ್ಯರೂಪದಲ್ಲಿ ಅವಳು ಸುತ್ತುವುದು ಎಡಕ್ಕೆ, ಅಪ್ರದಕ್ಷಿಣವಾಗಿ. ಐರಿಷರಿಗೂ ಬಲಸುತ್ತು ಶುಭ, ಎಡಸುತ್ತು ಅಶುಭ. ಬಾವಿ ಕೆರಳುವುದಕ್ಕೂ ಆ ಸುತ್ತಿಗೂ ಸಂಬಂಧವಿದೆ. ಕೈಗೆ ಬಂದ ಒಂದು ಪದದಿಂದ ಆ ಸಂಬಂಧವೇ ಕಳಚಿಹೋಗಿದೆ.

ಪದಮೂಲದ ಭಾಗವನ್ನು ಮುಕ್ಕಾಲು ಪಾಲು ಇಳಿಸಬೇಕು. ಬ್ರಿಟನ್ನಿನ ಡೀ ನದಿಯ ಹಳೆಯ ಹೆಸರು ‘ದೇವಾ’, ಅದೂ ನಮ್ಮ ‘ದೇವಿ’ಯೂ ಒಂದೇ ಬೇರಿನವು, ಇದು ಗಟ್ಟಿ, ಉಳಿಸಿಕೊಳ್ಳಿ. ಬುವಿಂದಾದ ಮೊದಲರ್ಧ ‘ಗೋ’ ಪದದ ಬಂಧು, ಎರಡನೆಯದಕ್ಕೆ ಕೆಲ್ಟಿಕ್‌ನಲ್ಲಿ ‘ಬಿಳಿ’ ಎಂದರ್ಥ. ಇಷ್ಟರ ಮೇಲೆ ‘ಬೋವನ್ ಎಂದರೆ ಗೋವಿಂದನೇ’ ಎನ್ನಲಾಗದು. ಋಗ್ವೇದದ ದಾನು ಮತ್ತು ‘ಕೆಲ್ಟರ ನದೀಮಾತೆ ದಾನು’ ಒಂದೇ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ಐರಿಷ್ ಗ್ರಂಥಗಳಲ್ಲಿ ಇರುವುದು ‘ದನನ್’ ಎಂಬ ಷಷ್ಠೀ ರೂಪ, ಅದರಿಂದ ‘ದನು’ ಎಂಬ ಪ್ರಥಮಾ ರೂಪವನ್ನು ಊಹಿಸಿದವರು ಆಧುನಿಕ ವಿದ್ವಾಂಸರು. ಇನ್ನು ಯುರೋಪಿನ ಡ್ಯಾನ್ಯೂಬ್ ನದಿಯನ್ನು ರೋಮನ್ನರು ರೋಮ್ ನಗರದ ಟ್ರಾಜನ್ ಸ್ತಂಭದ ಮೇಲೆ ಕೆತ್ತಿದ್ದು ಗಡ್ಡದ ಮುದುಕನ ರೂಪದಲ್ಲಿ. ಎಲ್ಲ ನದಿಗಳೂ ಹೆಣ್ಣಾಗಿರಲಿಲ್ಲ ಎಂಬುದೂ ನಿಮ್ಮ ಲೇಖನದಲ್ಲಿ ಬರಬೇಕು.

ಈಗ ಸೇನ್ ನದಿಯ ದೇವತೆ ಸೆಕ್ವಾನಾ. ಬರ್ಗಂಡಿಯಲ್ಲಿ, ಡಿಜೋನ್ ನಗರದ ವಾಯವ್ಯಕ್ಕೆ ಸೇನ್ ಹುಟ್ಟುವ ಒರತೆಗಳಿವೆ. 1963ರಲ್ಲಿ ಅಲ್ಲಿನ ಕೆಸರಿನಿಂದ ನೂರಾರು ಮರದ ಹರಕೆ ಒಪ್ಪಿಸುಗಳು ಹೊರಬಂದವು: ಕಾಲು, ತಲೆ, ಮುಂಡ, ಟೊಪ್ಪಿಗೆಯ ನಿಲುವಂಗಿ ತೊಟ್ಟ ಯಾತ್ರಿಕರು. ಹೆಚ್ಚಿನವು ಓಕ್ ಮರದ ಚೇಗಿನಲ್ಲಿ ಕೆತ್ತಿದವು. ತೆಳು ಕಂಚಿನ ತಗಡಿನ ಮೇಲೆ ಉಬ್ಬಿಸಿದ ಜೋಡಿ ಕಣ್ಣುಗಳಿವೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕಲ್ಲಿನ ಹಸುಗೂಸುಗಳಿವೆ. ಬೆಳ್ಳಿಯ ಕಣ್ಣು, ಕೈಕಾಲು ಹರಕೆ ಒಪ್ಪಿಸುವುದನ್ನು ಕಂಡ ನಮ್ಮ ಓದುಗರಿಗೆ ಇದು ಒಂದೇ ಸಾಲಿನಲ್ಲಿ ಅರ್ಥವಾಗುತ್ತದೆ. ಆದ್ದರಿಂದ ತಲಕಾವೇರಿಯ ನಾಲ್ಕು ಪ್ಯಾರಾ ಪೀಠಿಕೆ ಬೇಡ, ಈ ಕಣ್ಣುಗಳಿಂದಲೇ ಲೇಖನ ಶುರುವಾಗಲಿ.

ಮರ ಎರಡು ಸಾವಿರ ವರ್ಷ ಉಳಿದದ್ದು ಹೇಗೆ ಎಂದು ನೀವು ಹೇಳಿಲ್ಲ. ಅಲ್ಲಿ ಸದಾ ನೀರು ನಿಂತ ಮಣ್ಣಿದೆ, ಗಾಳಿ ತಾಗುವುದಿಲ್ಲ, ಮರ ಕೊಳೆಸುವ ಶಿಲೀಂಧ್ರ ಬದುಕುವುದಿಲ್ಲ. ಇದನ್ನು ಬಿಟ್ಟಿದ್ದರಿಂದಲೇ ‘ಗಾಲ್ ಜನ (ಈಗಿನ ಫ್ರಾನ್ಸಿನ ಪ್ರಾಚೀನ ಕೆಲ್ಟರು) ಎರಡೇ ಕಡೆ ಮರದ ಹರಕೆ ಒಪ್ಪಿಸುತ್ತಿದ್ದರು’ ಎಂಬ ತಪ್ಪು ತೀರ್ಮಾನಕ್ಕೆ ಬಂದಿದ್ದೀರಿ. ಇಲ್ಲಿಯೂ ಕ್ಲೆರ್ಮೋ-ಫೆರಾಂ ಪಕ್ಕದ ಶಮಾಲಿಯೇರ್‌ನಲ್ಲಿಯೂ ರಾಶಿರಾಶಿ ಸಿಕ್ಕಿದ್ದಕ್ಕೆ ಕಾರಣ ಒದ್ದೆ ನೆಲ. ಒಣ ನೆಲದಲ್ಲಿ ಒಪ್ಪಿಸಿದ್ದರೂ ಅದು ಇಂದಿಗೆ ಉಳಿಯುತ್ತಿರಲಿಲ್ಲ. ಇನ್ನೊಂದು ಮಾತು: ಈ ಮರದ ವಸ್ತುಗಳು ರೋಮ್ ಆಳ್ವಿಕೆ ಬಂದಮೇಲಿನವು. ದೇವತೆಯ ಹೆಸರು ಸ್ಥಳೀಯ, ಶಾಸನಗಳ ಭಾಷೆ ಲ್ಯಾಟಿನ್. ಈ ಬೆರಕೆಯನ್ನು ಮುಚ್ಚಿಡಬೇಡಿ, ಲೇಖನದ ಜೀವ ಇರುವುದೇ ಅಲ್ಲಿ.

ಇಂಗ್ಲೆಂಡಿನ ಬಾತ್ ಊರಿಗೆ ಒಂದು ಪ್ಯಾರಾ ಸಾಕು, ಅದೂ ಹೋಲಿಕೆಗಾಗಿ. ಅಲ್ಲಿ 46 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಬುಗ್ಗೆ, ಸ್ಥಳೀಯ ಸೂಲಿಸ್ ಮತ್ತು ರೋಮನ್ನರ ಮಿನರ್ವಾ ಒಂದಾದ ಸೂಲಿಸ್ ಮಿನರ್ವಾ ದೇವತೆ. ಸುಮಾರು 130 ಶಾಪದ ತಗಡುಗಳು ಸಿಕ್ಕಿವೆ. ಸೀಸ ಬೆರೆತ ಲೋಹವನ್ನು ತಗಡಾಗಿ ಬಡಿದು, ಮೊನೆಯಿಂದ ಗೀಚಿ, ಮಡಚಿಯೋ ಸುರುಳಿ ಸುತ್ತಿಯೋ ನೀರಿಗೆ ಹಾಕಿದ್ದಾರೆ. ಡೊಸಿಮೆಡಿಸ್ ಎಂಬವನು ಎರಡು ಕೈಗವಸು ಕಳೆದುಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿಕೊಂಡಿದ್ದಾನೆ. ನೀವು ಜಲದೇವತೆಯರನ್ನು ‘ಕರುಣಾಮಯಿ ತಾಯಂದಿರು’ ಎಂದಷ್ಟೇ ಬಣ್ಣಿಸಿದ್ದೀರಿ. ಅದೇ ನೀರಿಗೆ ಸೇಡಿನ ಕೋರಿಕೆಯೂ ಬೀಳುತ್ತಿತ್ತು.

ಕೊನೆಗೆ ಫೋಟೋ. ‘ಪ್ರಾಚೀನ ಸೆಕ್ವಾನಾ’ ಎಂದು ನೀವು ಕಳಿಸಿದ ಚಿತ್ರದಲ್ಲಿರುವುದು ಗವಿಯೊಳಗೆ ಒರಗಿದ ಜಲಕನ್ಯೆ. ಆ ಗವಿ ಮೂರನೇ ನೆಪೋಲಿಯನ್ ಕಾಲದಲ್ಲಿ, 1860ರ ದಶಕದಲ್ಲಿ ಪ್ಯಾರಿಸ್ ನಗರಾಡಳಿತ ಕಟ್ಟಿಸಿದ್ದು. ನಿಮಗೆ ಬೇಕಾದದ್ದು 1933ರಲ್ಲಿ ಸಿಕ್ಕ, ಡಿಜೋನ್‌ನ ಪುರಾತತ್ವ ಸಂಗ್ರಹಾಲಯದಲ್ಲಿರುವ ಕಂಚಿನ ವಿಗ್ರಹ: ಕಿರೀಟ ತೊಟ್ಟು, ಎರಡೂ ತೋಳು ಚಾಚಿ, ಬಾತುಕೋಳಿ ಆಕಾರದ ದೋಣಿಯಲ್ಲಿ ನಿಂತ ದೇವತೆ. ಹೊಸ ಚಿತ್ರ ಕಳಿಸುವಾಗ ದೋಣಿಯ ಮೂತಿಯನ್ನು ಕತ್ತರಿಸಬೇಡಿ, ಬಾತುಕೋಳಿಯ ಕೊಕ್ಕಿನಲ್ಲಿ ಒಂದು ಪುಟ್ಟ ಗುಂಡು ಇದೆ, ಅದು ಓದುಗರಿಗೆ ಕಾಣಬೇಕು.