ಸೀಟಿನ ಕೆಳಗೊಂದು ಪಿಸ್ತೂಲು, ಮೇಲೆ ಸಾಲದ ಲಾರಿ

ಈ ವಾರ ಬಂದ ಮೂರೂ ಪ್ರಶ್ನೆಗಳು ಲಾರಿಗೆ ಸಂಬಂಧಿಸಿದವು. ಉತ್ತರಿಸಿದವರು ಕಲಬುರಗಿಯಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲರು.

ಪ್ರಶ್ನೆ: ವಕೀಲ ಸಾಹೇಬರೇ, ನಾನು ಹುಮನಾಬಾದ್ ತಾಲ್ಲೂಕಿನವನು. ಸಾಲ ಮಾಡಿ ಕೊಂಡ ಲಾರಿಯನ್ನು ನಾನೇ ಓಡಿಸುತ್ತೇನೆ. ಕಲಬುರಗಿಯ ದಾಲ್ ಮಿಲ್‌ಗಳಿಂದ ತೊಗರಿಬೇಳೆ ಹೇರಿಕೊಂಡು ಹೈದರಾಬಾದಿಗೆ ಹೋಗುತ್ತೇನೆ. ಹೋದ ತಿಂಗಳು ಹೆದ್ದಾರಿ ಪಕ್ಕ ಮಲಗಿದ್ದಾಗ ನಾಲ್ವರು ಬಂದು ಟ್ಯಾಂಕಿನ ಡೀಸೆಲ್ ಎಳೆದರು. ಇಳಿದು ಕೇಳಿದ ಕ್ಲೀನರ್ ಹುಡುಗನ ತಲೆಗೆ ಕಲ್ಲಿನಿಂದ ಹೊಡೆದು ಓಡಿಹೋದರು. ಪರಿಚಯದವರೊಬ್ಬರು ಕಂಟ್ರಿ ಪಿಸ್ತೂಲು ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಅಮೆರಿಕದಲ್ಲಿ ಚಾಲಕರು ಪಿಸ್ತೂಲು ಇಟ್ಟುಕೊಂಡೇ ಓಡಾಡುತ್ತಾರಂತೆ, ವಿಡಿಯೊದಲ್ಲಿ ನೋಡಿದೆ. ಆತ್ಮರಕ್ಷಣೆಯ ಹಕ್ಕು ನಮಗಿಲ್ಲವೇ?

ಉತ್ತರ: ಹಕ್ಕಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಪರಿಚಯದವರಿಂದ ದೂರವಿರಿ.

ಪರವಾನಗಿ ಇಲ್ಲದ ಪಿಸ್ತೂಲು ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಅನ್ವಯವಾಗುತ್ತದೆ. 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಚಾಲಕರು ಕೇಳಿಯೇ ಇರದ ಇನ್ನೆರಡು ಕಲಂಗಳು ಇದಕ್ಕಿಂತ ಕಠಿಣ. 32ನೇ ಕಲಂ ಪ್ರಕಾರ ಅಪರಾಧ ಸಾಬೀತಾದರೆ ಆಯುಧದ ಜೊತೆಗೆ ಅದನ್ನು ಬಚ್ಚಿಟ್ಟಿದ್ದ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ನ್ಯಾಯಾಲಯಕ್ಕಿದೆ. ಕಂತು ನಿಮ್ಮದು, ಲಾರಿ ಸರ್ಕಾರದ್ದು! 35ನೇ ಕಲಂ ಕ್ಲೀನರ್ ಹುಡುಗನನ್ನೂ ಎಳೆದು ತರುತ್ತದೆ. ಇಬ್ಬರ ವಶದಲ್ಲಿರುವ ವಾಹನದಲ್ಲಿ ಆಯುಧ ಸಿಕ್ಕು, ಅದು ಅಲ್ಲಿರುವುದು ಅವನಿಗೂ ಗೊತ್ತಿತ್ತು ಎಂದು ನಂಬಲು ಕಾರಣವಿದ್ದರೆ ಅವನೂ ಆರೋಪಿ.

ನನ್ನ ಕಕ್ಷಿದಾರರೊಬ್ಬರ ಕಥೆ ಇದೇ. ಚುನಾವಣೆಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಹಣ ಹುಡುಕುತ್ತಿದ್ದರು. ಹಾಸಿಗೆ ಎತ್ತಿದಾಗ ಹಳೆಯ ಲುಂಗಿಯಲ್ಲಿ ಸುತ್ತಿಟ್ಟ ಕಂಟ್ರಿ ಪಿಸ್ತೂಲು ಸಿಕ್ಕಿತು. ಒಂದು ಸಲವೂ ಹಾರಿಸಿರಲಿಲ್ಲ, ನಳಿಗೆಗೆ ತುಕ್ಕು ಹಿಡಿದಿತ್ತು. ಜಾಮೀನು ಸಿಕ್ಕಿತು. ಆದರೆ ಲಾರಿ ಬಿಡಿಸಿಕೊಳ್ಳಲು ಅವರು ಓಡಾಡಿದ ದಿನಗಳ ಬಾಡಿಗೆ ಲೆಕ್ಕ ಹಾಕಿದರೆ, ನನ್ನ ಫೀಸು ಏನೂ ಅಲ್ಲ.

ಕಾನೂನಿನ ದಾರಿಯೂ ಇದೆ. ನೀವು ಬೀದರ್ ಜಿಲ್ಲೆಯವರಾದ್ದರಿಂದ ಅರ್ಜಿ ಬೀದರ್ ಜಿಲ್ಲಾಧಿಕಾರಿಗೆ ಹೋಗಬೇಕು. (ಕಲಬುರಗಿ ನಗರದವರು ಪೊಲೀಸ್ ಆಯುಕ್ತರಿಗೆ ಕೊಡಬೇಕು.) 21 ವರ್ಷ ತುಂಬಿರಬೇಕು. ಆಯುಧ ಬಳಸುವ ತರಬೇತಿಯ ಪ್ರಮಾಣಪತ್ರ ಬೇಕು. ಠಾಣೆಯಿಂದ ವಿಚಾರಣಾ ವರದಿ ಹೋಗುತ್ತದೆ. ಸಿಕ್ಕರೆ ಐದು ವರ್ಷಕ್ಕೆ. ‘ನಾನು ಲಾರಿ ಚಾಲಕ’ ಎಂಬ ಒಂದೇ ಕಾರಣಕ್ಕೆ ಕೊಡುತ್ತಾರೆ ಎಂಬ ಆಸೆ ಮಾತ್ರ ಬೇಡ. ನಿಮ್ಮ ಜೀವಕ್ಕೇ ಬೆದರಿಕೆ ಇದೆ ಎಂಬುದಕ್ಕೆ ದೂರು, ಎಫ್‌ಐಆರ್ ಪ್ರತಿ ಬೇಕಾಗುತ್ತದೆ. ಹುಡುಗನ ತಲೆ ಒಡೆದ ರಾತ್ರಿ ದೂರು ಕೊಟ್ಟಿರಾ? ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ.

ಪರವಾನಗಿ ಕೈಗೆ ಬಂತು ಎಂದೇ ಇಟ್ಟುಕೊಳ್ಳೋಣ. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅದರಲ್ಲೇ ಬರೆದಿರುತ್ತಾರೆ. ‘ಕರ್ನಾಟಕ ರಾಜ್ಯ’ ಎಂದಿದ್ದರೆ ತೆಲಂಗಾಣದ ಜಹೀರಾಬಾದ್ ತಲುಪುವಷ್ಟರಲ್ಲಿ ನೀವು ಪರವಾನಗಿ ಇಲ್ಲದವರು. ಮಹಾರಾಷ್ಟ್ರದ ಉಮರ್ಗಾ ಕಡೆಗೆ ತಿರುಗಿದರೂ ಅಷ್ಟೇ. ಬೀದರಿನ ಚಾಲಕನಿಗೆ ಗಡಿ ಎಂದರೆ ಎರಡು ಚಹಾದ ದೂರ. ಅಮೆರಿಕದಲ್ಲೂ ಇದೇ ತೊಡಕಿದೆ. ಬಂದೂಕಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ರಾಜ್ಯ ದಾಟುವವರಿಗೆ 1986ರ ಕೇಂದ್ರ ಕಾನೂನು ರಕ್ಷಣೆ ಕೊಡುತ್ತದೆ, ಆದರೆ ಗುಂಡು ತೆಗೆದು, ಬಂದೂಕನ್ನು ಕೈಗೆ ಸಿಗದಂತೆ ಬೀಗ ಹಾಕಿ ಇಟ್ಟಿದ್ದರೆ ಮಾತ್ರ. ಅಲ್ಲಿಯ ಅನೇಕ ಸಾರಿಗೆ ಕಂಪನಿಗಳು ಅದನ್ನೂ ಒಪ್ಪುವುದಿಲ್ಲ. ವಿಡಿಯೊದಲ್ಲಿ ಇದನ್ನೆಲ್ಲ ಯಾರೂ ತೋರಿಸುವುದಿಲ್ಲ.

ಈಗ ಹಕ್ಕಿನ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅಳತೆ ಮಾಡಿ ಕೊಡುತ್ತವೆ. ನಿಮ್ಮ ರಾತ್ರಿಯನ್ನೇ ತೆಗೆದುಕೊಳ್ಳಿ. ಪೈಪು ಹಾಕಿ ಡೀಸೆಲ್ ಎಳೆಯುತ್ತಿದ್ದಷ್ಟು ಹೊತ್ತು ಅದು ಕಳ್ಳತನ. ಗದರಿಸಬಹುದು, ತಡೆಯಬಹುದು, ಹಿಡಿದುಕೊಳ್ಳಬಹುದು. ಅಷ್ಟಕ್ಕೇ ಗುಂಡು ಹೊಡೆದು ಕೊಲ್ಲುವಂತಿಲ್ಲ. ಹುಡುಗನ ತಲೆಗೆ ಕಲ್ಲು ಎತ್ತಿದ ಕ್ಷಣ ಚಿತ್ರ ಬದಲಾಯಿತು. ಸಾವು ಅಥವಾ ತೀವ್ರ ಗಾಯದ ಭಯ ನಿಜವಾಗಿ ಎದುರಿಗಿದ್ದಾಗ ದಾಳಿಕೋರನ ಪ್ರಾಣ ಹೋದರೂ ಕಾನೂನು ನಿಮ್ಮ ಪರ ನಿಲ್ಲಬಹುದು. ಕೈಯಲ್ಲಿದ್ದದ್ದು ವೀಲ್ ಪಾನಾ ಆದರೂ ಈ ಹಕ್ಕು ಅಷ್ಟೇ ಇರುತ್ತದೆ, ಪಾನಾಕ್ಕೆ ಪರವಾನಗಿ ಕೇಳುವವರಿಲ್ಲ. ಅವರು ಬೆನ್ನು ತಿರುಗಿಸಿ ಓಡಿದ ಮೇಲೆ ಹಿಂದಿನಿಂದ ಗುಂಡು ಹಾರಿಸಿದ್ದರೆ? ಆಗ ಕಟಕಟೆಯಲ್ಲಿ ನಿಲ್ಲುವವರು ನೀವು. ಈ ಮೂರು ಹಂತಗಳು ಮುಗಿಯಲು ಎಷ್ಟು ಹೊತ್ತು ಹಿಡಿಯಿತು, ನೀವೇ ನೆನಪಿಸಿಕೊಳ್ಳಿ. ಅಷ್ಟರಲ್ಲಿ, ಕಣ್ಣಲ್ಲಿ ನಿದ್ದೆ ಇಟ್ಟುಕೊಂಡು, ಕತ್ತಲಲ್ಲಿ ನಾಲ್ವರ ನಡುವೆ ನಿಮ್ಮ ಹುಡುಗ ಯಾರೆಂದು ಗುರುತಿಸಿ ಗುರಿ ಇಡಬೇಕು.

ಡೀಸೆಲ್ ಕಳ್ಳರು ಬರುವುದು ಚಾಲಕ ಮಲಗಿದ ಮೇಲೆ. ಹಾಗಾಗಿ ಎಲ್ಲಿ ಮಲಗುತ್ತೀರಿ ಎನ್ನುವುದೇ ಮುಖ್ಯ. ಬೈಪಾಸಿನ ಕತ್ತಲಲ್ಲಿ ಒಂಟಿಯಾಗಿ ನಿಲ್ಲಿಸುವ ಬದಲು ಟೋಲ್ ಪ್ಲಾಜಾ ಹತ್ತಿರ ಅಥವಾ ಬೆಳಕು, ಕ್ಯಾಮೆರಾ ಇರುವ ಪೆಟ್ರೋಲ್ ಪಂಪಿನಲ್ಲಿ, ನಾಲ್ಕು ಲಾರಿಗಳ ಜೊತೆ ನಿಲ್ಲಿಸಿ. ಟ್ಯಾಂಕಿನ ಬಾಯಿಗೆ ಜಾಳಿಗೆ, ಮುಚ್ಚಳಕ್ಕೆ ಬೀಗ ಹಾಕಿಸಿ. ಬಾಡಿಗೆ ಹಣವನ್ನು ಮಿಲ್‌ನವರು ಖಾತೆಗೇ ಹಾಕಲಿ. ಗಲಾಟೆಯಾದರೆ ಕೆಳಗೆ ಇಳಿಯಬೇಡಿ, ಹಾರ್ನ್ ಒತ್ತಿ ಹಿಡಿದು 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಅವರಿಗೆ ಜಾಗ ಬೇಗ ಸಿಗುತ್ತದೆ. ಠಾಣೆಯಲ್ಲಿ ‘ಡೀಸೆಲ್ ಹೋಯಿತು’ ಎಂದಷ್ಟೇ ಬರೆಸಬೇಡಿ, ಕಲ್ಲೇಟನ್ನೂ ಬರೆಸಿ. ಕದಿಯಲು ಹೊಡೆದರೆ ಅದು ದರೋಡೆ. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದ ದರೋಡೆಗೆ ನ್ಯಾಯ ಸಂಹಿತೆಯ 309ನೇ ಕಲಂ ಪ್ರಕಾರ 14 ವರ್ಷದವರೆಗೆ ಶಿಕ್ಷೆಯಿದೆ.

ಪ್ರಶ್ನೆ: ನನ್ನ ಹೆಸರಿನಲ್ಲಿ ಪರವಾನಗಿ ಇರುವ ರಿವಾಲ್ವರ್ ಇದೆ. ಯಾದಗಿರಿಯಿಂದ ಹತ್ತಿ ಒಯ್ಯುವ ನನ್ನ ಚಾಲಕನಿಗೆ ರಾತ್ರಿ ಮಟ್ಟಿಗೆ ಚೀಟಿ ಬರೆದು ಕೊಡಬಹುದೇ?

ಉತ್ತರ: ಕೊಡಬೇಡಿ, ಯಜಮಾನರೇ. ನಿಮ್ಮ ಚೀಟಿ ಹಿಡಿದು ಬೇರೆಯವರು ಅದನ್ನು ಒಯ್ಯಬಹುದಾದ್ದು ರಿಪೇರಿಗೆ, ಪರವಾನಗಿ ನವೀಕರಣಕ್ಕೆ ಅಥವಾ ನಿಮ್ಮದೇ ಬಳಕೆಗೆ. ಚಾಲಕನ ರಕ್ಷಣೆ ಆ ಪಟ್ಟಿಯಲ್ಲಿಲ್ಲ. ಅವನು ಸಿಕ್ಕಿಬಿದ್ದರೆ 25ನೇ ಕಲಂ ಅವನಿಗೆ, ಪರವಾನಗಿ ರದ್ದತಿಯ ನೋಟಿಸು ನಿಮಗೆ. ಅಷ್ಟೇ ಕಾಳಜಿ ಇದ್ದರೆ ಇನ್ನೊಬ್ಬ ಚಾಲಕನನ್ನು ಜೊತೆಗೆ ಕಳಿಸಿ.

ಪ್ರಶ್ನೆ: ಕಣ್ಣಿಗೆ ಹೊಡೆಯುವ ಖಾರದ ಸ್ಪ್ರೇ ಇಟ್ಟುಕೊಂಡರೆ ತಪ್ಪೇ?

ಉತ್ತರ: ಇಟ್ಟುಕೊಳ್ಳಲು ಪರವಾನಗಿ ಬೇಡ. ಆದರೆ ಆಟಿಕೆಯೂ ಅಲ್ಲ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಿ, ಬಳಸಿದವರ ಮೇಲಿನ ಪ್ರಕರಣ ರದ್ದುಪಡಿಸಲು ನಿರಾಕರಿಸಿದೆ. ಓವರ್‌ಟೇಕ್ ಜಗಳಕ್ಕೆಲ್ಲ ತೆಗೆಯಬೇಡಿ. ಕ್ಯಾಬಿನ್ ಒಳಗಂತೂ ಒತ್ತಲೇಬೇಡಿ, ಮೊದಲು ಕಣ್ಣು ಉಜ್ಜಿಕೊಳ್ಳುವವರು ನೀವೇ ಆಗುತ್ತೀರಿ.