ಮೈಗಿಂತ ಉದ್ದದ ಮೀಸೆ, ಹಿಡಿದರೆ ಕಿರುಗುಟ್ಟುವ ಈ ಹುಳು ಯಾವುದು?

ರಾತ್ರಿ ದೀಪದ ಬಳಿ ಸಿಕ್ಕ ಹೆಬ್ಬೆರಳುದ್ದದ ಬೂದುಗಂದು ಹುಳು, ಮೈಯನ್ನೂ ಮೀರಿದ ಮೀಸೆ, ಹಿಡಿದರೆ ಕಿರ್ ಕಿರ್ ಸದ್ದು. ಇದು ಜಿರಲೆಯ ಜಾತಿಯೇ, ವಿಷವೇ ಎಂದು ಕೇಳಿದ್ದೀರಿ. ಜಿರಲೆಯಲ್ಲ, ವಿಷದ ಹುಳುವೂ ಅಲ್ಲ. ಇದು ಸೆರಾಂಬಿಸಿಡೇ ಕುಟುಂಬದ ಉದ್ದಮೀಸೆಯ ದುಂಬಿ. ನೀವು ಕಳಿಸಿದ ಚಿತ್ರ ಮಸುಕಾಗಿದ್ದರೂ ಕುಟುಂಬದ ಬಗ್ಗೆ ನನಗೆ ಅನುಮಾನವಿಲ್ಲ.

ಗುರುತಿಸುವಾಗ ಮೊದಲು ಬೆನ್ನನ್ನು ನೋಡಬೇಕು. ದುಂಬಿಗಳ ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿದ್ದು, ಸಾಮಾನ್ಯವಾಗಿ ಬೆನ್ನಿನ ನಡುವೆ ನೆಟ್ಟನೆಯ ಗೆರೆಯಲ್ಲಿ ಕೂಡುತ್ತವೆ. ಜಿರಲೆಯ ರೆಕ್ಕೆಗಳು ಒಂದರ ಮೇಲೊಂದು ಮಲಗಿರುತ್ತವೆ. ನಿಮ್ಮ ಚಿತ್ರದಲ್ಲಿ ಆ ಗೆರೆ ಸ್ಪಷ್ಟವಾಗಿದೆ.

ಆಮೇಲೆ ಮೀಸೆ. ಉದ್ದವನ್ನಷ್ಟೇ ನಂಬಬೇಡಿ, ಬುಡವನ್ನು ನೋಡಿ. ಈ ಕುಟುಂಬದ ಬಹುತೇಕ ದುಂಬಿಗಳ ಕಣ್ಣು ದುಂಡಗಿರುವುದಿಲ್ಲ. ಒಳಗೆ ಬಾಗಿ ಮೀಸೆಯ ಬುಡವನ್ನು ಸುತ್ತುವರಿದಿರುತ್ತದೆ. ಭೂತಗನ್ನಡಿ ಇದ್ದರೆ ಪಾದವನ್ನೂ ನೋಡಿ. ನಾಲ್ಕೇ ಗೆಣ್ಣುಗಳಿರುವಂತೆ ಕಾಣುತ್ತದೆ, ಆದರೆ ಇರುವುದು ಐದು. ನಾಲ್ಕನೆಯದು ತೀರಾ ಚಿಕ್ಕದಾಗಿ, ಮೂರನೆಯದರ ಎರಡು ಹಾಲೆಗಳ ನಡುವೆ ಅಡಗಿ ಕೂತಿರುತ್ತದೆ. ಎಲೆ ತಿನ್ನುವ ದುಂಬಿಗಳ ಪಾದವೂ ಹೀಗೆಯೇ. ಅವುಗಳ ಮೀಸೆ ಸಾಮಾನ್ಯವಾಗಿ ಗಿಡ್ಡ, ಕಣ್ಣು ಮೀಸೆಯ ಬುಡವನ್ನು ಸುತ್ತುವರಿದಿರುವುದಿಲ್ಲ.

ಆ ಕಿರುಗುಟ್ಟುವಿಕೆ ಬಾಯಿಯದಲ್ಲ. ಎದೆಯ ಮುಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಾ, ಅದರ ಒಳಅಂಚನ್ನು ಹಿಂದಿನ ಭಾಗದ ಸೂಕ್ಷ್ಮ ಗೀರುಗಳ ಮೇಲೆ ಉಜ್ಜಿ ಸದ್ದು ಮಾಡುತ್ತದೆ. ಹಿಡಿದಾಗ ತಲೆಯಾಡಿಸಿದಂತೆ ಕಾಣುವುದು ಇದೇ ಕಾರಣಕ್ಕೆ.

ಬಣ್ಣವನ್ನು ಮಾತ್ರ ಕೊನೆಗಿಡಿ. ಕೇಳುವವರೆಲ್ಲ ಬಣ್ಣದಿಂದಲೇ ಶುರುಮಾಡುತ್ತಾರೆ, ದಾರಿ ತಪ್ಪುವುದೂ ಅಲ್ಲೇ. ಹಾರ್ಲೆಕ್ವಿನ್ ಗುಲಗಂಜಿ ಹುಳುವಿನಲ್ಲಿ ಚುಕ್ಕೆಯೇ ಇಲ್ಲದ ಕಿತ್ತಳೆ ಬಣ್ಣದವೂ ಇವೆ, ಕೆಂಪು ಚುಕ್ಕೆಯ ಕಪ್ಪು ಬಣ್ಣದವೂ ಇವೆ; ಎರಡೂ ಒಂದೇ ಪ್ರಭೇದ. ಉದ್ದಮೀಸೆಯವರಲ್ಲೇ ಹಳದಿ ಕಪ್ಪು ಪಟ್ಟೆ ಹೊತ್ತು ಕಣಜದ ವೇಷ ಹಾಕುವವು ಇವೆ.

ಇನ್ನು ಪ್ರಭೇದ. ಈ ಕುಟುಂಬದಲ್ಲಿ ಹೆಸರಿಟ್ಟ ಪ್ರಭೇದಗಳೇ 30,000ಕ್ಕಿಂತ ಹೆಚ್ಚು. ಹಾಗಾಗಿ ಒಂದು ಚಿತ್ರ ನೋಡಿ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ಕತ್ತಿನ ಭಾಗದಲ್ಲಿ ಎರಡು ಕಿತ್ತಳೆ ಮಚ್ಚೆ, ಅದರ ಎರಡೂ ಬದಿಗೆ ಮುಳ್ಳು, ರೆಕ್ಕೆಯ ಬುಡದಲ್ಲಿ ಕಪ್ಪು ಹರಳಿನಂಥ ಗಂಟುಗಳು ಇದ್ದರೆ ಬ್ಯಾಟೋಸೆರಾ ಕುಲದ ಕಡೆಗೆ ನೋಡಬಹುದು. ಮಾವು, ಅಂಜೂರದ ಕಾಂಡ ಕೊರೆಯುವ ಹುಳು ಆ ಕುಲದ್ದು. ನಿಮ್ಮ ಚಿತ್ರದಲ್ಲಿ ಮಚ್ಚೆಯಂಥದ್ದೇನೋ ಇದೆ, ಆದರೆ ಅದು ದೀಪದ ಹೊಳಪೂ ಇರಬಹುದು. ಮೇಲಿನಿಂದ, ಪಕ್ಕದಿಂದ, ಮುಖದ ಎದುರಿನಿಂದ ಒಂದೊಂದು ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಹತ್ತಿರ ಯಾವ ಮರಗಳಿವೆ ಎಂಬುದನ್ನೂ ಬರೆಯಿರಿ. ಇದರ ಮರಿಹುಳು ಬೆಳೆಯುವುದು ಮರದೊಳಗೆ.

ಹಿಡಿಯುವಾಗ ಬೆರಳು ಬಾಯಿಯ ಹತ್ತಿರ ಹೋಗದಿರಲಿ, ದವಡೆ ಗಟ್ಟಿ. ನಿಜವಾಗಿ ಮುಟ್ಟಬಾರದವು ಬೇರೆ: ಮೆತ್ತನೆಯ ಉದ್ದ ಮೈ, ತಲೆಯ ಹಿಂದೆ ಸಣ್ಣ ಕತ್ತು ಇರುವ ಬೊಬ್ಬೆ ದುಂಬಿಗಳು. ಅವುಗಳ ಮೈಯಲ್ಲಿರುವ ಕ್ಯಾಂಥರಿಡಿನ್ ಎಂಬ ವಿಷ ತಗುಲಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತವೆ. ನಿಮ್ಮದು ಆ ಪೈಕಿ ಅಲ್ಲ. ಹುಳುವನ್ನು ಡಬ್ಬಿಯಲ್ಲಿಟ್ಟಿದ್ದರೆ, ಚಿತ್ರ ತೆಗೆದ ಮೇಲೆ ಮುಚ್ಚಳ ತೆಗೆದು ಅದನ್ನು ಹೋಗಲು ಬಿಡಿ.