ಪಿಯುಸಿ ಆಗಿದೆ, ಕೋರಲ್‌ಡ್ರಾ ಸಾಫ್ಟ್‌ವೇರ್ ಬರುತ್ತೆ. ಡಿಸೈನರ್ ಆಗೋಕೆ ಬಿವಿಎ ಮಾಡಲೇಬೇಕಾ?

ನೀವು ಚಿಕ್ಕಮಗಳೂರಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಕಲಿತಿದ್ದೀರಿ, ಮನೆಯವರು ಬೆಂಗಳೂರಿಗೋ ಮೈಸೂರಿಗೋ ಹೋಗಿ ನಾಲ್ಕು ವರ್ಷದ ಬಿವಿಎ, ಅಂದರೆ ದೃಶ್ಯಕಲೆಯ ಪದವಿ, ಮಾಡು ಅಂತಿದ್ದಾರೆ. ಮಾಡಲೇಬೇಕು ಅಂತೇನಿಲ್ಲ. ಸರ್ಕಾರಿ ಹುದ್ದೆ, ಕಾಲೇಜಲ್ಲಿ ಪಾಠ, ವಿದೇಶದ ವರ್ಕ್ ವೀಸಾ, ಡಿಗ್ರಿ ನೋಡಿಯೇ ಅರ್ಜಿ ಸೋಸುವ ದೊಡ್ಡ ಕಂಪನಿ, ಇಲ್ಲೆಲ್ಲ ಸಾಮಾನ್ಯವಾಗಿ ಡಿಗ್ರಿ ಬೇಕು. ಏಜೆನ್ಸಿ, ಪ್ರೆಸ್ಸು, ಸ್ವಂತ ಗಿರಾಕಿ ಅಂದರೆ ಮಾರ್ಕ್ಸ್ ಕಾರ್ಡ್ ಕೇಳೋರು ಅಪರೂಪ. ಮಾಡಿದ ಕೆಲಸ ತೋರಿಸಿ ಅಂತಾರೆ.

ಆದರೆ ಫ್ಲೆಕ್ಸಲ್ಲಿ ಕಲಿತಷ್ಟೇ ಸಾಕು ಅಂದುಕೊಳ್ಳಬೇಡಿ. ಫ್ಲೆಕ್ಸನ್ನು ಜನ ದೂರದಿಂದ ನೋಡುತ್ತಾರೆ, ನಿಜ ಅಳತೆಯಲ್ಲಿ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಇದ್ದರೂ ನಡೆಯುತ್ತೆ. ಕೈಯಲ್ಲಿ ಹಿಡಿದು ನೋಡುವ ಪ್ಯಾಕೆಟ್ಟಿಗೆ 300 ಬೇಕು, ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ, ಬೇಕು.

ನಮ್ಮೂರಲ್ಲಿ ಸದಾ ಸಿಗುವ ಕೆಲಸವನ್ನೇ ತಗೊಳ್ಳಿ: ಕಾಫಿ ಪುಡಿಯ ಪೌಚ್. ಗಿರಾಕಿ ಲೋಗೋ, ತೋಟದ ಫೋಟೋ ಹಿಡಿದು ಬರುತ್ತಾರೆ. ನೀವು ಮೊದಲು ಕೇಳಬೇಕಾದ್ದು ಬೇರೆ. ಚಿಕೋರಿ ಎಷ್ಟು ಬೆರೆಸಿದ್ದೀರಿ? ಕಾಫಿ ಇಷ್ಟು ಶೇಕಡಾ, ಚಿಕೋರಿ ಇಷ್ಟು ಶೇಕಡಾ ಅಂತ ಅಚ್ಚಾಗಲೇಬೇಕು. ಕಾಫಿ 51ಕ್ಕಿಂತ ಇಳಿಯುವ ಹಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರು, ಸಸ್ಯಾಹಾರದ ಹಸಿರು ಚುಕ್ಕೆ, ನಿವ್ವಳ ತೂಕ, ಎಂಆರ್‌ಪಿ, ಬ್ಯಾಚ್ ಹಾಕಲು ಖಾಲಿ ಜಾಗ, ಇವನ್ನೆಲ್ಲ ಕೂರಿಸಿದ ಮೇಲೆ ಉಳಿದ ಜಾಗ ತೋಟದ ಫೋಟೋಗೆ. ಸೀಲ್ ಆಗುವ ಅಂಚಿನಲ್ಲಿ ಅಕ್ಷರ ಇಡಬೇಡಿ. ಅದು ಎಷ್ಟು ಅಗಲ ಅಂತ ಪೌಚ್ ಮಾಡೋರಿಂದಲೇ ಡೈಲೈನ್ (ಕತ್ತರಿಸುವ, ಮಡಚುವ, ಸೀಲ್ ಆಗುವ ಜಾಗ ತೋರಿಸುವ ನಕ್ಷೆ) ತರಿಸಿಕೊಳ್ಳಿ, ಅಂದಾಜು ಬೇಡ.

ಹೆಚ್ಚು ಕೆಡೋದು ಬಾರ್‌ಕೋಡ್. ಕಾಫಿ ಪ್ಯಾಕೆಟ್ ಅಂದ ತಕ್ಷಣ ಎಲ್ಲವೂ ಕಂದು, ಗೆರೆಗಳೂ ಕಂದು. ಸಾಮಾನ್ಯ ಸ್ಕ್ಯಾನರಿನ ಬೆಳಕು ಕೆಂಪು. ಕೆಂಪು ಛಾಯೆಯ ಕಂದು ಗೆರೆ ಅದಕ್ಕೆ ಬಿಳಿಯಾಗಿಯೇ ಕಾಣುತ್ತೆ. ಕಪ್ಪು ಗೆರೆ ಹಾಕಿ. ಬೆಳ್ಳಿ ಬಣ್ಣದ ಫಿಲ್ಮ್ ಆದರೆ ಕೆಳಗೆ ಬಿಳಿ ಇಂಕಿನ ಪದರ ಬೇಕು, ಎರಡೂ ಪಕ್ಕ ಖಾಲಿ ಜಾಗ ಬಿಡಿ, ಬಾರ್‌ಕೋಡನ್ನು ಅದರ ಮೂಲ ಅಳತೆಯ 80 ಪರ್ಸೆಂಟಿಗಿಂತ ಇಳಿಸಬೇಡಿ.

ಕನ್ನಡ ಅಕ್ಷರದ್ದು ಇನ್ನೊಂದು ಗೋಳು. ಸಣ್ಣ ಅಕ್ಷರವನ್ನು ನಾಲ್ಕು ಬಣ್ಣ ಬೆರೆಸಿದ ಕಂದಿನಲ್ಲಿ ಕೊಟ್ಟರೆ, ಅಚ್ಚಿನಲ್ಲಿ ಬಣ್ಣ ಕೂದಲೆಳೆ ಸರಿದರೂ ಸಾಕು, ಒತ್ತಕ್ಷರ ಮುಚ್ಚಿಹೋಗುತ್ತೆ. ಒಂದೇ ಇಂಕಿನಲ್ಲಿ ಕೊಡಿ. ಸಾಲಿನ ಅಂತರ ಅಕ್ಷರದಳತೆಯ ಒಂದೂವರೆ ಪಟ್ಟು ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತೆ. ಹಳೇ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸಿದರೆ ಅರ್ಕಾವೊತ್ತನ್ನು ಮತ್ತೆ ಓದಿ ನೋಡಿ. ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನು ಕರ್ವ್ ಮಾಡಿ (ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿ ಬದಲಿಸಿ), ಕರ್ವ್ ಮಾಡದ ಪ್ರತಿ ನಿಮ್ಮ ಹತ್ತಿರ ಇರಲಿ.

ಇವುಗಳಲ್ಲಿ ಬಹುಪಾಲು ಪ್ರೆಸ್ಸಿನಲ್ಲಿ ನಿಂತೇ ಕಲಿಯಬೇಕು. ಹಾಗಂತ ಕಾಲೇಜು ದಂಡ ಅಲ್ಲ. ‘ಈ ಅಕ್ಷರ ಇಲ್ಲೇ ಯಾಕೆ?’ ಅಂತ ಮೇಷ್ಟ್ರು, ಜೊತೆಯವರು ಎದುರಿಗೇ ಕೇಳುತ್ತಾರಲ್ಲ, ಅದು ಯೂಟ್ಯೂಬಲ್ಲಿ ಸಿಗಲ್ಲ. ಮನೆಯಲ್ಲಿ ದುಡ್ಡಿನ ತೊಂದರೆ ಇಲ್ಲದಿದ್ದರೆ ಮೈಸೂರಿನ ಸರ್ಕಾರಿ ಕಲಾ ಕಾಲೇಜು ಕಾವಾ ಅಥವಾ ಬೆಂಗಳೂರಿನ ಚಿತ್ರಕಲಾ ಪರಿಷತ್ತು ನೋಡಿ. ಸಾಲ ಮಾಡಿ ಎಲ್ಲೋ ಖಾಸಗಿ ಡಿಸೈನ್ ಕಾಲೇಜು ಸೇರೋದು ನನಗೆ ಸರಿ ಕಾಣಲ್ಲ.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಊರಲ್ಲೇ ಬಿ.ಕಾಂ ಸೇರಿ, ಸಂಜೆ ಫ್ಲೆಕ್ಸ್ ಅಂಗಡಿ ಬಿಟ್ಟು ಆಫ್‌ಸೆಟ್ ಪ್ರೆಸ್ಸಿಗೆ ಹೋಗ್ತಿದ್ದೆ. ಮುಂದೆ ಡಿಸೈನೇ ಓದಬೇಕು ಅನ್ನಿಸಿದರೂ ದಾರಿ ಇದೆ: ಎಂ.ಡೆಸ್ (ಡಿಸೈನಿನ ಸ್ನಾತಕೋತ್ತರ ಪದವಿ) ಸೇರಲು ಇರುವ ಸೀಡ್ ಪ್ರವೇಶ ಪರೀಕ್ಷೆಗೆ ಡಿಸೈನ್ ಡಿಗ್ರಿಯೇ ಬೇಕು ಅಂತಿಲ್ಲ, ಮೂರು ವರ್ಷದ ಯಾವ ಪದವಿಯಾದರೂ ಆದೀತು. ವಯಸ್ಸಿನ ಮಿತಿಯೂ ಇಲ್ಲ.